ಜಿಡಿಸಿಗೆ ಮೊದಲ ಸಲ ಹೊರಟಿದ್ದೇನೆ: ಗೇಮ್ ಆಡಿಯೋದವರು ಅಲ್ಲಿ ಎಲ್ಲಿ ಸೇರುತ್ತಾರೆ?

ತೋಟದ_ಸದ್ದು | ಜನವರಿ 19, 2025

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಸೌಂಡ್ ಡಿಸೈನರ್ ಆಗಿ ಆರು ವರ್ಷ ಆಯಿತು. ಹೆಜ್ಜೆ, ಬಾಗಿಲು, ಮಳೆ, ಕತ್ತಿ, ಬಟನ್ ಒತ್ತಿದರೆ ಬರುವ ಟಿಕ್, ಎಲ್ಲಾ ನಾನೇ. ನಮ್ಮ ಆಫೀಸಿನಲ್ಲಿ ಆಡಿಯೋ ಅಂದರೆ ನಾನೊಬ್ಬಳೇ.

ಮಾರ್ಚ್ 17ರಿಂದ 21ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಇದೆ, ಅದೇ ಜಿಡಿಸಿ, ಆಟ ಮಾಡುವವರ ದೊಡ್ಡ ಸಭೆ. ಅಕ್ಕ ಸ್ಯಾನ್ ಹೊಸೆಯಲ್ಲಿ ಇದ್ದಾಳೆ, ಹಾಗಾಗಿ ಉಳಿಯುವ ಚಿಂತೆ ಇಲ್ಲ. ವೀಸಾ ಹೋದ ಸಲ ಅವಳ ಮನೆಗೆ ಹೋಗುವಾಗಲೇ ಆಗಿದೆ. ಆದರೆ ವಿಮಾನದ ಟಿಕೆಟ್ ಮತ್ತು ಪಾಸ್ ನನ್ನ ಕೈಯಿಂದಲೇ. ಎಲ್ಲಾ ಸೇರಿದ ಪಾಸ್ ಬಹಳ ದುಬಾರಿ. ಅಷ್ಟು ಹಣ ಹಾಕುವ ಶಕ್ತಿ ನನಗಿಲ್ಲ. ಬರೀ ಎಕ್ಸ್‌ಪೋ ಪಾಸ್ (ಪ್ರದರ್ಶನ ಮಳಿಗೆ ನೋಡುವ ಪಾಸ್) ತಗೊಂಡು ಹೋದರೆ ಪ್ರಯೋಜನ ಇದೆಯಾ? ಅಲ್ಲಿ ನಮ್ಮ ಕೆಲಸದವರು ಎಲ್ಲಿ ಸಿಗುತ್ತಾರೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಕಿವಿಮಾತು | ಜನವರಿ 19

ಮೇಡಂ, ಖಂಡಿತ ಹೋಗಿ. ನಾನು ಮೈಸೂರಿನವನು, ಈಗ ಮಾಂಟ್ರಿಯಲ್‌ನಲ್ಲಿ ಇದ್ದೇನೆ. ಐದು ಸಲ ಹೋಗಿದ್ದೇನೆ, ಎರಡು ಸಲ ಎಕ್ಸ್‌ಪೋ ಪಾಸ್ ಮಾತ್ರ ಇತ್ತು.

ಮೊದಲು ಒಂದು ಖುಷಿಯ ವಿಷಯ. ಜಿಡಿಸಿ ಹುಟ್ಟಿದ್ದು ನಿಮ್ಮ ಅಕ್ಕನ ಊರಿನಲ್ಲೇ. 1988ರಲ್ಲಿ ಕ್ರಿಸ್ ಕ್ರಾಫರ್ಡ್ ಅನ್ನುವ ಗೇಮ್ ಡಿಸೈನರ್ ಸ್ಯಾನ್ ಹೊಸೆಯ ತಮ್ಮ ಮನೆಗೆ ಕರೆದಾಗ ಬಂದವರು ಸುಮಾರು 27 ಜನ. ಒಂದು ಹಜಾರದಲ್ಲಿ ಕೂತು ಮಾತಾಡಿದ ಆ ಸಭೆಯೇ ಬೆಳೆದು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಸಭಾಭವನ ಮಾಸ್ಕೋನ್ ಸೆಂಟರ್ ತುಂಬಿಕೊಂಡಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾಸ್ಕೋನ್ ಪಕ್ಕದಲ್ಲೇ ಯೆರ್ಬಾ ಬ್ಯೂನಾ ಗಾರ್ಡನ್ಸ್ ಅಂತ ಪಾರ್ಕ್ ಇದೆ. ಅಲ್ಲಿ ಗಾಜಿನ ಗೋಡೆಯೊಳಗೆ ಒಂದು ಹಳೇ ಕ್ಯಾರೊಸೆಲ್ ಇದೆ. ನಮ್ಮ ಜಾತ್ರೆಯಲ್ಲಿ ಮಕ್ಕಳನ್ನು ಮರದ ಕುದುರೆ ಮೇಲೆ ಕೂರಿಸಿ ತಿರುಗಿಸುತ್ತಾರಲ್ಲ, ಅದೇ. 1906ರಲ್ಲಿ ಚಾರ್ಲ್ಸ್ ಲೂಫ್ ಅನ್ನುವವರು ಕೈಯಿಂದ ಕೆತ್ತಿ ಮಾಡಿಸಿದ್ದು. ಊರೂರು ಸುತ್ತಿ 1998ರಲ್ಲಿ ಈ ಪಾರ್ಕಿಗೆ ಬಂತು. ಜಿಡಿಸಿ ವಾರದಲ್ಲಿ ಬೆಳಿಗ್ಗೆ, ಕಾನ್ಫರೆನ್ಸ್ ಬಾಗಿಲು ತೆರೆಯುವ ಮುಂಚೆ, ಗೇಮ್ ಆಡಿಯೋದವರು ಅದರ ಹತ್ತಿರ ಸೇರುತ್ತಾರೆ. ಗೇಮ್ ಆಡಿಯೋ ಪಾಡ್‌ಕಾಸ್ಟ್ ನಡೆಸುತ್ತಿದ್ದವರು ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿ ಕೂತು ಹರಟೆ ರೆಕಾರ್ಡ್ ಮಾಡುತ್ತಿದ್ದರು. ಆಮೇಲೆ ಅದೊಂದು ರೂಢಿಯೇ ಆಯಿತು, ಕ್ಯಾರೊಸೆಲ್ ಕಾನ್ ಅನ್ನುತ್ತಾರೆ. ಅದು ಸಾರ್ವಜನಿಕ ಪಾರ್ಕ್, ಪಾಸ್ ಕೇಳುವವರಿಲ್ಲ. ಕಾಫಿ ಕೈಯಲ್ಲಿ ಹಿಡಿದು ಹೋಗಿ ನಿಂತರೆ ಸಾಕು, ಯಾರೋ ಒಬ್ಬರು ಮಾತಾಡಿಸುತ್ತಾರೆ.

ನಾನು ಮೊದಲ ಸಲ ಹೋದಾಗ ನನ್ನ ಪಕ್ಕ ನಿಂತವರು ಬಂದೂಕಿನ ಸದ್ದು ಮಾತ್ರ ಮಾಡುವವರು. ಎದುರಿಗೆ ಒಬ್ಬ ವಿದ್ಯಾರ್ಥಿ. ಇಬ್ಬರಿಗೂ ಒಂದೇ ಗೌರವ ಸಿಕ್ಕಿತು. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಕೋಡ್_ಕಾಯಕ | ಜನವರಿ 20

ನಾನು ಆಡಿಯೋ ಪ್ರೋಗ್ರಾಮರ್. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಜಿಡಿಸಿಯ ಹಳೇ ಭಾಷಣಗಳಲ್ಲಿ ಎಷ್ಟೋ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಅವರದೇ ವೆಬ್‌ಸೈಟ್ ಜಿಡಿಸಿ ವಾಲ್ಟ್‌ನಲ್ಲೂ ಇವೆ. ನಾನು ಕಲಿತ ಅರ್ಧ ಕೆಲಸ ಅಲ್ಲಿಂದಲೇ. 2024ರಲ್ಲಿ ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್ ಹೈದರಾಬಾದಿನಲ್ಲಿ ನಡೆಯಿತು, ಅಂಥದ್ದಕ್ಕಾದರೆ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಅಮೆರಿಕಕ್ಕೆ ಹೋಗಿ ಬರುವ ಹಣದಲ್ಲಿ ಒಂದು ಒಳ್ಳೆ ಮೈಕ್ ಮತ್ತು ರೆಕಾರ್ಡರ್ ಬರುತ್ತದೆ, ಅದು ಹತ್ತು ವರ್ಷ ದುಡಿಯುತ್ತದೆ. ಸಂಬಳದಲ್ಲಿ ಉಳಿಸಿದ ದುಡ್ಡು ಅಲ್ವಾ, ಯೋಚನೆ ಮಾಡಿ.

ವೀಸಾ ಇಲ್ಲದವರಿಗೂ ಒಂದು ಮಾತು. ಮೊನ್ನೆ ಜನವರಿ 17ಕ್ಕೆ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಕೆಲಸ ಅಲ್ಲಿ ಇನ್ನೂ ಶುರುವಾಗಿಲ್ಲ. ಚೆನ್ನೈ, ಹೈದರಾಬಾದ್ ಓಡಾಟ ತಪ್ಪಿಲ್ಲ.

ಕಿವಿಮಾತು | ಜನವರಿ 20

ಕೋಡ್_ಕಾಯಕ ಅವರೇ, ನೀವು ಹೇಳಿದ್ದು ಸರಿ. ಬರೀ ಭಾಷಣ ಕೇಳುವುದಕ್ಕಾದರೆ ಮನೆಯಲ್ಲೇ ಕೂರಬಹುದು. ಆದರೆ ಮೇಜಿನ ಸುತ್ತ ಕೂತು ಮಾತಾಡುವ ರೌಂಡ್‌ಟೇಬಲ್‌ಗಳು ರೆಕಾರ್ಡ್ ಆಗುವುದಿಲ್ಲ. ಅಲ್ಲಿ ಜನ ತಮ್ಮ ಸೋಲು ಹೇಳಿಕೊಳ್ಳುತ್ತಾರೆ. ಯಾವ ಮಿಕ್ಸ್ ಕೆಟ್ಟಿತು, ಯಾವ ಬಗ್ ಕೊನೇ ವಾರ ಸಿಕ್ಕಿತು, ಎಲ್ಲಿ ಮೆಮೊರಿ ಸಾಲಲಿಲ್ಲ. ವೇದಿಕೆ ಮೇಲೆ ನಿಂತಾಗ ಯಾರೂ ಅದನ್ನು ಹೇಳುವುದಿಲ್ಲ.

ಇನ್ನೊಂದು ಇದೆ. ಆರ್ಟಿಸ್ಟ್ ಮಾಡಿದ ಚಿತ್ರದ ಎದುರು ಆಫೀಸಿನವರು ನಿಂತು ನೋಡುತ್ತಾರೆ. ನಮ್ಮ ಕೆಲಸ ಹೆಡ್‌ಫೋನ್ ಒಳಗೆ ನಡೆಯುತ್ತದೆ. ಸದ್ದು ಸರಿಯಾಗಿದ್ದರೆ ಯಾರೂ ಏನೂ ಅನ್ನುವುದಿಲ್ಲ, ತಪ್ಪಿದಾಗ ಮಾತ್ರ ಎಲ್ಲರಿಗೂ ಕೇಳಿಸುತ್ತದೆ. ಅದಕ್ಕೇ ಈ ಕೆಲಸದವರು ಬಹಳ ಹಿಂದಿನಿಂದ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿದ್ದಾರೆ. ಆಡುವವರಿಗೆ ತಕ್ಕಂತೆ ಬದಲಾಗುವ ಸದ್ದು, ಅಂದರೆ ಇಂಟರಾಕ್ಟಿವ್ ಆಡಿಯೋ ಬಗ್ಗೆ ಐಎಎಸ್‌ಐಜಿ ಅನ್ನುವ ಗುಂಪು 1994ರಲ್ಲೇ ಶುರುವಾಯಿತು. 1996ರಲ್ಲಿ ಗೇಮ್ ಸಂಗೀತಗಾರ ಜಾರ್ಜ್ ಸ್ಯಾಂಗರ್ ಟೆಕ್ಸಾಸ್‌ನ ಒಂದು ರಾಂಚಿಗೆ ಜನರನ್ನು ಕರೆದು ಪ್ರಾಜೆಕ್ಟ್ ಬಾರ್‌ಬಿಕ್ಯೂ ಶುರು ಮಾಡಿದರು. ಕೆಲವೇ ಜನ, ಕೆಲವೇ ದಿನ, ಒಟ್ಟಿಗೆ ಊಟ, ಒಟ್ಟಿಗೆ ತಲೆ ಕೆಡಿಸಿಕೊಳ್ಳುವುದು. 2002ರಲ್ಲಿ ಗೇಮ್ ಆಡಿಯೋ ನೆಟ್‌ವರ್ಕ್ ಗಿಲ್ಡ್ ಬಂತು. ಜಿ, ಎ, ಎನ್, ಜಿ, ಅಂದರೆ ಗ್ಯಾಂಗ್. ಅವರ ಪ್ರಶಸ್ತಿ ಸಮಾರಂಭಕ್ಕೂ ಜಿಡಿಸಿಗೂ ಹಳೇ ನಂಟು. ಆಡಿಯೋ ಮಾತ್ರ ಇಟ್ಟುಕೊಂಡು 2009ರಿಂದ ಗೇಮ್‌ಸೌಂಡ್‌ಕಾನ್ ಕೂಡ ನಡೆಯುತ್ತಿದೆ. ನಮ್ಮವರ ಸಂಬಳ ಎಷ್ಟು, ಯಾರು ಸ್ವತಂತ್ರವಾಗಿ ದುಡಿಯುತ್ತಾರೆ ಅಂತ ಸಮೀಕ್ಷೆ ಮಾಡಿ ಎಲ್ಲರಿಗೂ ಕಾಣುವಂತೆ ಹಾಕುವುದು ಅವರೇ. ಸಂಬಳ ಕೇಳುವುದಕ್ಕೆ ಹೆದರುವ ಹುಡುಗರಿಗೆ ಆ ಒಂದು ಪುಟ ಎಷ್ಟು ಧೈರ್ಯ ಕೊಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಮೈಕ್_ಹಿಡಿದವಳು | ಜನವರಿ 21

ಸಂಬಳದ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಆಟಗಳಿಗೆ ದನಿ ಕೊಡುತ್ತೇನೆ, ಡೈಲಾಗ್ ಎಡಿಟಿಂಗ್ ಕೂಡ ಮಾಡುತ್ತೇನೆ. ಒಂದು ಸ್ಟುಡಿಯೋಗೆ ಹನ್ನೊಂದು ತಿಂಗಳು ಕೆಲಸ ಮಾಡಿದೆ. ನಾಲ್ಕು ಸಾವಿರಕ್ಕೂ ಜಾಸ್ತಿ ಸಾಲುಗಳನ್ನು ಒಂದೊಂದಾಗಿ ಕತ್ತರಿಸಿ, ಉಸಿರು ತೆಗೆದು, ಹೆಸರು ಕೊಟ್ಟು ಜೋಡಿಸಿದ್ದೆ. ಆಟ ಬಂತು. ಕ್ರೆಡಿಟ್ಸ್ ಕೊನೆವರೆಗೂ ನೋಡಿದೆ, ನನ್ನ ಹೆಸರು ಇರಲಿಲ್ಲ. ಕೆಲಸ ಮುಗಿಯುವ ಮುಂಚೆ ಬಿಟ್ಟವರ ಹೆಸರು ಹಾಕುವುದಿಲ್ಲ ಅಂದರು. ನಾನು ಬಿಟ್ಟದ್ದು ಹೆರಿಗೆಗೆ. ಆ ರಾತ್ರಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಇನ್ನೊಂದು ಸಲ ಮೊದಲಿನಿಂದ ನೋಡಿದೆ.

ಇಂಥದ್ದನ್ನು ಎಲ್ಲಿ ಹೇಳುವುದು? ಗೇಮ್ ಮಾಡುವವರ ಅಂತರರಾಷ್ಟ್ರೀಯ ಸಂಸ್ಥೆ ಐಜಿಡಿಎ ಕ್ರೆಡಿಟ್ಸ್ ಬಗ್ಗೆ ಮಾರ್ಗಸೂಚಿ ಮಾಡಿದೆ, ಮಧ್ಯದಲ್ಲಿ ಬಿಟ್ಟವರ ಹೆಸರೂ ಇರಬೇಕು ಅನ್ನುತ್ತದೆ. ಅದು ಇದೆ ಅಂತ ನನಗೆ ಗೊತ್ತಾಗಿದ್ದೇ ಒಂದು ಕೂಟದಲ್ಲಿ, ಊಟದ ಸಾಲಿನಲ್ಲಿ ನಿಂತಿದ್ದಾಗ. ಅಮೆರಿಕದಲ್ಲಿ ದನಿ ಕಲಾವಿದರ ಸಂಘ 2024ರ ಜುಲೈನಲ್ಲಿ ಮುಷ್ಕರಕ್ಕೆ ಇಳಿಯಿತು. ತಮ್ಮ ದನಿಯನ್ನು ಎಐ ನಕಲು ಮಾಡುವುದಾದರೆ ಮೊದಲು ಒಪ್ಪಿಗೆ ಕೇಳಬೇಕು, ದುಡ್ಡು ಕೊಡಬೇಕು ಅನ್ನುವುದು ಅವರ ಮಾತು. ನಮ್ಮಲ್ಲಿ ಕೈಗೆ ಬರುವ ಒಪ್ಪಂದದಲ್ಲಿ ಆ ಸಾಲು ಇದೆಯಾ ಅಂತ ನೋಡುವವರು ಎಷ್ಟು ಜನ?

ಹೋಗಿ ಬನ್ನಿ ಅಕ್ಕ. ಅಲ್ಲಿ ದನಿಯವರು ಸಿಕ್ಕರೆ ಅವರ ಒಪ್ಪಂದದಲ್ಲಿ ಏನೇನು ಬರೆಸಿಕೊಳ್ಳುತ್ತಾರೆ ಅಂತ ಕೇಳಿಕೊಂಡು ಬನ್ನಿ.

ತೋಟದ_ಸದ್ದು | ಜನವರಿ 21

ಮೈಕ್_ಹಿಡಿದವಳು, ಓದಿ ಕಣ್ಣು ತುಂಬಿತು. ಖಂಡಿತ ಕೇಳುತ್ತೇನೆ.

ಟಿಕೆಟ್ ಮಾಡಿಸಿದೆ. ಎಕ್ಸ್‌ಪೋ ಪಾಸ್. ಕೋಡ್_ಕಾಯಕ ಅವರೇ, ಮೈಕ್ ಮುಂದಿನ ವರ್ಷ.

ಧಾರವಾಡ_ಮಳೆ | ಫೆಬ್ರವರಿ 3

ನಾನು ಧಾರವಾಡದಲ್ಲಿ ಕೊನೇ ವರ್ಷದ ಬಿಇ ಓದುತ್ತಿದ್ದೇನೆ. ಅಲ್ಲಿಗೆಲ್ಲ ಹೋಗುವುದು ಸದ್ಯಕ್ಕೆ ನನ್ನಿಂದ ಆಗದ ಮಾತು ರೀ. ಇಲ್ಲೇ ಕೂತು ಏನು ಮಾಡಬಹುದು? ಹಳೇ ಲ್ಯಾಪ್‌ಟಾಪ್ ಇದೆ, ಒಂದು ಹೆಡ್‌ಫೋನ್ ಇದೆ.

ನಿನ್ನೆ ಗ್ರ್ಯಾಮಿಯಲ್ಲಿ ಗೇಮ್ ಸಂಗೀತಕ್ಕೆ ವಿನಿಫ್ರೆಡ್ ಫಿಲಿಪ್ಸ್ ಗೆದ್ದದ್ದು ನೋಡಿ ಬಹಳ ಖುಷಿ ಆಯಿತು. 1981ರ ವಿಜರ್ಡ್ರಿ ಆಟವನ್ನು ಹೊಸದಾಗಿ ಮಾಡಿದ್ದಕ್ಕೆ ಅವರ ಸಂಗೀತ. ನನ್ನ ಅಪ್ಪನಿಗೆ ತೋರಿಸಿದೆ, ಇದಕ್ಕೂ ಪ್ರಶಸ್ತಿ ಕೊಡುತ್ತಾರಾ ಅಂತ ಕೇಳಿದರು.

ಕೋಡ್_ಕಾಯಕ | ಫೆಬ್ರವರಿ 3

ಅಪ್ಪನಿಗೆ ಹೇಳಿ, ಆ ವಿಭಾಗ 2023ರಲ್ಲಿ ಶುರುವಾಗಿದೆ, ಅದಕ್ಕೂ ಮುಂಚೆ 2011ರಲ್ಲೇ ಗೇಮ್‌ಗೆ ಬರೆದ ಒಂದು ಹಾಡಿಗೆ ಗ್ರ್ಯಾಮಿ ಬಂದಿದೆ. ಕ್ರಿಸ್ಟೋಫರ್ ಟಿನ್ ಮಾಡಿದ ಬಾಬಾ ಯೇತು. ವಿನಿಫ್ರೆಡ್ ಅವರು ಜಿಡಿಸಿಯಲ್ಲಿ ವರ್ಷಾನುಗಟ್ಟಲೆ ಪಾಠ ಹೇಳಿದವರು, ಹುಡುಕಿ ಕೇಳಿ.

ನಿಮಗೆ ಬೇಕಾದದ್ದು ಲ್ಯಾಪ್‌ಟಾಪ್, ಹೆಡ್‌ಫೋನ್, ಹಟ. ಮೊದಲೆರಡು ಇವೆ. ಸೊನಿಸ್ ಅನ್ನುವ ಕಂಪನಿ 2015ರಿಂದ ಹೆಚ್ಚಿನ ವರ್ಷಗಳಲ್ಲಿ ಜಿಡಿಸಿ ಹೊತ್ತಿಗೆ ಸದ್ದಿನ ದೊಡ್ಡ ಗಂಟು ಪುಕ್ಕಟೆ ಹಂಚುತ್ತದೆ. ಇಪ್ಪತ್ತು ಜಿಬಿ ದಾಟಿದ ವರ್ಷಗಳೂ ಇವೆ, ಹಾಸ್ಟೆಲ್ ವೈಫೈನಲ್ಲಿ ರಾತ್ರಿ ಹಾಕಿ ಮಲಗಿ. ಆಟದೊಳಗೆ ಸದ್ದು ಜೋಡಿಸುವ ಸಾಫ್ಟ್‌ವೇರ್‌ಗಳಾದ ವೈಸ್ ಮತ್ತು ಎಫ್‌ಮಾಡ್ ಎರಡೂ ಕಲಿಯುವವರಿಗೆ ಉಚಿತ. ವೈಸ್ 101 ಪಾಠಗಳಿಗೆ ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ. ಒಂದು ವಾರ ಹೆಜ್ಜೆ ಸದ್ದು ಮಾತ್ರ ಮಾಡಿ. ಅದರಲ್ಲೇ ಎಲ್ಲಾ ಇದೆ.

ಧಾರವಾಡ_ಮಳೆ | ಫೆಬ್ರವರಿ 4

ಹೆಜ್ಜೆ ಅಂದರೆ ಒಂದು ಫೈಲ್ ಹಾಕಿದರೆ ಮುಗಿಯಿತಲ್ಲ?

ತೋಟದ_ಸದ್ದು | ಫೆಬ್ರವರಿ 4

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಯಾಕೆಂದರೆ ಜಿಡಿಸಿಗೆ ತಗೊಂಡು ಹೋಗುವುದಕ್ಕೆ ನಾನು ಮಾಡುತ್ತಿರುವುದೂ ಹೆಜ್ಜೆಯೇ.

ಒಂದೇ ಫೈಲ್ ಹಾಕಿ ನೋಡಿ. ಹತ್ತನೇ ಹೆಜ್ಜೆಗೆ ಆಡುವವರ ಕಿವಿಗೆ ಗೊತ್ತಾಗುತ್ತದೆ, ಅದು ಮನುಷ್ಯ ನಡೆಯುವ ಸದ್ದಲ್ಲ ಅಂತ. ನಾವು ಯಾರೂ ಎರಡು ಹೆಜ್ಜೆ ಒಂದೇ ಥರ ಇಡುವುದಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತೋಟಕ್ಕೆ ಇಳಿದೆ. ಆ ಹೊತ್ತಿನಲ್ಲಿ ಹಕ್ಕಿ ಇನ್ನೂ ಎದ್ದಿರುವುದಿಲ್ಲ, ರಸ್ತೆಯಲ್ಲಿ ಗಾಡಿ ಇರುವುದಿಲ್ಲ. ಅಪ್ಪ ಟಾರ್ಚ್ ಹಿಡಿದು ಮುಂದೆ ನಡೆದರು, ನಾನು ರೆಕಾರ್ಡರ್ ಹಿಡಿದು ಹಿಂದೆ. ಒಣ ದರಕಿನ (ಉದುರಿದ ಎಲೆಗಳ) ಮೇಲೆ ಕಾಲಿಟ್ಟರೆ ಪುಡಿಪುಡಿಯಾಗುವ ಸದ್ದು. ಬಿದ್ದ ಸೋಗೆ ಮೇಲೆ ಕಾಲಿಟ್ಟರೆ ಒಂದು ಎಳೆತ, ಆಮೇಲೆ ಚಟ್ ಅಂತ ಮುರಿಯುತ್ತದೆ. ಅಡಿಕೆ ಹಾಳೆ ಮೇಲೆ ಕಾಲಿಟ್ಟರೆ ಡಬ್ಬದ ಥರ ಟೊಳ್ಳು ಸದ್ದು. ಇಬ್ಬನಿ ಬಿದ್ದ ಮೇಲೆ ಮೂರೂ ಮೆತ್ತಗಾಗುತ್ತವೆ, ಅದಕ್ಕೆ ಮಧ್ಯಾಹ್ನ ಇನ್ನೊಂದು ಸಲ ಹಿಡಿದೆ. ಎಲ್ಲಾ ಹೆಚ್ಚು ವಿವರ ಹಿಡಿಯುವ 96 ಕಿಲೋಹರ್ಟ್ಸ್‌ನಲ್ಲಿ, ಆಮೇಲೆ ಸದ್ದಿನ ಶ್ರುತಿ ಇಳಿಸಿದರೂ ಹಾಳಾಗಬಾರದು ಅಂತ.

ಒಂದೊಂದು ನೆಲಕ್ಕೆ ಹನ್ನೆರಡು ಹೆಜ್ಜೆ. ಹಿಮ್ಮಡಿ ಬೇರೆ, ಮುಂಗಾಲು ಬೇರೆ ಕತ್ತರಿಸಿದೆ. ವೈಸ್‌ನಲ್ಲಿ ರ‍್ಯಾಂಡಮ್ ಕಂಟೇನರ್ (ಯಾವುದೋ ಒಂದು ಸದ್ದನ್ನು ತಾನೇ ಆರಿಸುವ ಡಬ್ಬ) ಒಳಗೆ ಹಾಕಿ, ಈಗ ತಾನೇ ಬಂದ ನಾಲ್ಕು ಮತ್ತೆ ಬರಬಾರದು ಅಂತ ಹೇಳಿದೆ. ಪ್ರತಿ ಸಲ ದನಿ ಒಂಚೂರು ಏರುಪೇರು. ಕಾಲ ಕೆಳಗೆ ಯಾವ ನೆಲ ಇದೆ ಅಂತ ಆಟ ಹೇಳುತ್ತದೆ, ಅದಕ್ಕೆ ತಕ್ಕ ಸದ್ದಿಗೆ ಸ್ವಿಚ್ ಬದಲಾಗುತ್ತದೆ. ಈಗ ಕಣ್ಣು ಮುಚ್ಚಿ ಕೇಳಿದರೆ ಅಪ್ಪ ನಡೆಯುತ್ತಿರುವುದು ಗೊತ್ತಾಗುತ್ತದೆ. ಅವರ ಎಡಗಾಲು ಸ್ವಲ್ಪ ಎಳೆಯುತ್ತದೆ, ಅದನ್ನು ಸರಿಪಡಿಸದೆ ಹಾಗೇ ಬಿಟ್ಟಿದ್ದೇನೆ.

ಚಂಡೆಪೆಟ್ಟು | ಫೆಬ್ರವರಿ 6

ತೋಟದ ಸದ್ದು ಓದಿ ಊರಿಗೆ ಹೋಗಿ ಬಂದ ಹಾಗಾಯಿತು. ನಾನು ಉಡುಪಿ ಕಡೆಯವನು, ಆಟಗಳಿಗೆ ಸಂಗೀತ ಮಾಡುತ್ತೇನೆ.

ಅಲ್ಲಿ ಸಂಗೀತದವರು ಸಿಕ್ಕರೆ ನಮ್ಮ ಯಕ್ಷಗಾನದ ಬಗ್ಗೆ ಹೇಳಿ. ಆಡುವವನನ್ನು ನೋಡಿಕೊಂಡು ಸಂಗೀತ ಬದಲಾಗಬೇಕು ಅನ್ನುವುದು ನಮ್ಮ ಕೆಲಸದ ದೊಡ್ಡ ಸಮಸ್ಯೆ ತಾನೇ? 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಬರೀ ನಾಲ್ಕು ಸ್ವರ, ಶತ್ರುಗಳ ಓಟ ಹೆಚ್ಚಿದಷ್ಟೂ ಅವೂ ಜೋರಾಗಿ ಓಡುತ್ತವೆ. 1991ರಲ್ಲಿ ಮಂಕಿ ಐಲ್ಯಾಂಡ್ ಎರಡನೇ ಆಟಕ್ಕೆ ಮೈಕೆಲ್ ಲ್ಯಾಂಡ್, ಪೀಟರ್ ಮೆಕ್‌ಕಾನೆಲ್ ಸೇರಿ ಐಮ್ಯೂಸ್ ಅನ್ನುವ ಸಂಗೀತ ವ್ಯವಸ್ಥೆ ಮಾಡಿದರು. ನೀವು ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗ ರಾಗ ತುಂಡಾಗದೆ, ಸರಿಯಾದ ಜಾಗ ಕಾದು ಇನ್ನೊಂದಕ್ಕೆ ಹೊರಳುತ್ತದೆ.

ನಮ್ಮ ಭಾಗವತರು ಇದನ್ನು ರಾತ್ರಿಯಿಡೀ ಮಾಡುತ್ತಾರೆ. ವೇಷಧಾರಿ ಇನ್ನೂ ಕುಣಿಯುತ್ತಿದ್ದರೆ ಪದದ ಅದೇ ಸಾಲನ್ನು ಮತ್ತೆ ಎತ್ತುತ್ತಾರೆ. ಅವನಿಗೆ ದಣಿವಾಯಿತು ಅಂತ ಕಂಡರೆ ಚಂಡೆಯವನಿಗೆ ಕಣ್ಸನ್ನೆ, ಮುಕ್ತಾಯ. ಪದ ಎಷ್ಟು ಹೊತ್ತು ಅಂತ ಮೊದಲೇ ಬರೆದಿಟ್ಟವರು ಯಾರೂ ಇಲ್ಲ. ನಾನು ಚಿಕ್ಕವನಿದ್ದಾಗ ರಂಗಸ್ಥಳದ ಹಿಂದೆ ಕೂತು ನೋಡಿದ್ದು, ಭಾಗವತರ ಕಣ್ಣು ಯಾವತ್ತೂ ಪುಸ್ತಕದ ಮೇಲೆ ಇರುತ್ತಿರಲಿಲ್ಲ. ವೇಷದ ಕಾಲಿನ ಮೇಲೆ ಇರುತ್ತಿತ್ತು.

ಕಿವಿಮಾತು | ಫೆಬ್ರವರಿ 6

ಆಹಾ. ಹದಿನೈದು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಹೀಗೆ ಯೋಚನೆ ಮಾಡಿರಲಿಲ್ಲ. ಭಾಗವತರ ಕೈಯಲ್ಲಿ ಇರುವುದು ಜಾಗಟೆ ಅಲ್ವಾ?

ಚಂಡೆಪೆಟ್ಟು | ಫೆಬ್ರವರಿ 6

ತೆಂಕಿನಲ್ಲಿ ಜಾಗಟೆ, ಬಡಗಿನಲ್ಲಿ ತಾಳ.

ತೋಟದ_ಸದ್ದು | ಮಾರ್ಚ್ 24

ವಾಪಸ್ ಬಂದೆ. ನಿದ್ದೆ ಇನ್ನೂ ಸರಿಹೋಗಿಲ್ಲ, ಆದರೆ ಮರೆಯುವ ಮುಂಚೆ ಬರೆಯಬೇಕು.

ಅಕ್ಕನ ಮನೆಯಿಂದ ಮೊದಲ ಕ್ಯಾಲ್‌ಟ್ರೇನ್ ಹಿಡಿದೆ, ಇಳಿದು ನಡೆದುಕೊಂಡೇ ಹೋದೆ. ಚಳಿ, ಗಾಳಿ. ಕ್ಯಾರೊಸೆಲ್ ಹತ್ತಿರ ಹೋದಾಗ ಬೆಳಕು ಆಗಷ್ಟೇ ಗಾಜಿನ ಮೇಲೆ ಬಿದ್ದಿತ್ತು. ಕುದುರೆಗಳ ಜೊತೆ ಒಂಟೆ, ಮೇಕೆ ಕೂಡ ಇವೆ. ತಿರುಗುತ್ತಿರಲಿಲ್ಲ. ಮೊದಲು ಐದಾರು ಜನ ಇದ್ದರು, ನೋಡನೋಡುತ್ತ ಗುಂಪಾಯಿತು. ನಾನು ಕಾಫಿ ಲೋಟ ಹಿಡಿದು ಒಂದು ಬದಿ ನಿಂತೆ. ನಿಜ ಹೇಳುತ್ತೇನೆ, ವಾಪಸ್ ಹೋಗಿಬಿಡೋಣ ಅನ್ನಿಸಿತ್ತು.

ವಯಸ್ಸಾದ ಒಬ್ಬ ಹೆಂಗಸು ಬಂದು ಯಾವ ಊರು, ಏನು ಮಾಡುತ್ತಿ ಅಂತ ಕೇಳಿದರು. ಹೆಜ್ಜೆ ಅಂದೆ. ಅವರೂ ಎಷ್ಟೋ ವರ್ಷ ಹೆಜ್ಜೆ ಮಾಡಿದವರಂತೆ. ಹೆಡ್‌ಫೋನ್ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ನಿಮಿಷ, ಎರಡು ನಿಮಿಷ. ಸುತ್ತ ಅಷ್ಟು ಮಾತು ನಡೆಯುತ್ತಿತ್ತು, ಅವರು ಮಾತ್ರ ನಮ್ಮ ತೋಟದಲ್ಲಿದ್ದರು. ಆಮೇಲೆ ಹೆಡ್‌ಫೋನ್ ತೆಗೆದು, ಈ ಮನುಷ್ಯನಿಗೆ ಎಡಗಾಲು ನೋವಾ ಅಂತ ಕೇಳಿದರು.

ನನಗೆ ಮಾತೇ ಹೊರಡಲಿಲ್ಲ. ಆರು ವರ್ಷದಲ್ಲಿ ನನ್ನ ಕೆಲಸವನ್ನು ಅಷ್ಟು ಹತ್ತಿರದಿಂದ ಯಾರೂ ಕೇಳಿರಲಿಲ್ಲ.

ಆಮೇಲೆ ಅವರು ತಪ್ಪೂ ತೋರಿಸಿದರು. ಹಾಳೆ ಸದ್ದಿನ ಕೊನೆ ಬೇಗ ಕತ್ತರಿಸಿದ್ದೀಯ, ಟೊಳ್ಳು ಮುಗಿಯುವುದಕ್ಕೆ ಬಿಡು ಅಂದರು. ಬಂದ ರಾತ್ರಿಯೇ ಸರಿ ಮಾಡಿದೆ, ಅವರು ಹೇಳಿದ್ದು ಸರಿ.

ಚಂಡೆಪೆಟ್ಟು ಅವರೇ, ಭಾಗವತರ ವಿಷಯ ಮೂರು ಜನ ಸಂಗೀತದವರಿಗೆ ಹೇಳಿದೆ. ಒಬ್ಬರು ಫೋನಿನಲ್ಲಿ ವಿಡಿಯೋ ಹುಡುಕಿ ಅಲ್ಲೇ ನಿಂತು ನೋಡಿದರು. ಭಾಗವತರ ಕಣ್ಣು ನೋಡಿ ಅಂತ ತೋರಿಸಿದೆ.

ಮೈಕ್_ಹಿಡಿದವಳು, ದನಿಯವರು ಇಬ್ಬರು ಸಿಕ್ಕರು. ನೇರವಾಗಿ ಮೂರು ಮಾತು ಹೇಳಿದರು. ದನಿಯ ರೆಕಾರ್ಡಿಂಗ್ ಯಾವ ಆಟಕ್ಕೆ ಅಂತ ಹೆಸರು ಬರೆಸಿಕೊಳ್ಳಿ. ಎಐ ಕಲಿಸುವುದಕ್ಕೆ ಬಳಸಬಾರದು ಅಂತ ಪ್ರತ್ಯೇಕ ಸಾಲು ಇರಲಿ. ಕ್ರೆಡಿಟ್ಸ್‌ನಲ್ಲಿ ಹೆಸರು ಹೇಗೆ ಬರಬೇಕು ಅಂತ ಕೆಲಸ ಶುರುವಾಗುವ ಮುಂಚೆಯೇ ಒಪ್ಪಂದದಲ್ಲಿ ಹಾಕಿಸಿ.

ಎಕ್ಸ್‌ಪೋ ಒಳಗೆ ಎರಡು ದಿನ ಸುತ್ತಿದೆ, ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕೆಲಸ ಕಳೆದುಕೊಂಡವರು ತುಂಬಾ ಜನ ಸಿಕ್ಕರು. ಕಳೆದ ಎರಡು ವರ್ಷ ಸ್ಟುಡಿಯೋಗಳಲ್ಲಿ ಜನರನ್ನು ತೆಗೆದಿದ್ದಾರಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು. ಆದರೂ ಬೆಳಿಗ್ಗೆ ಬರುತ್ತಿದ್ದರು, ಎಲ್ಲಿ ಕೆಲಸ ಖಾಲಿ ಇದೆ ಅಂತ ಒಬ್ಬರಿಗೊಬ್ಬರು ಹೇಳುತ್ತಿದ್ದರು.

ಮೈಕ್_ಹಿಡಿದವಳು | ಮಾರ್ಚ್ 24

ಅಕ್ಕ, ಆ ಮೂರು ಸಾಲು ಬರೆದಿಟ್ಟುಕೊಂಡೆ. ನಾಳೆ ಒಂದು ಹೊಸ ಒಪ್ಪಂದ ಕೈಗೆ ಬರುತ್ತಿದೆ.

ಕೋಡ್_ಕಾಯಕ | ಮಾರ್ಚ್ 25

ಮೈಕ್ ತಗೊಳ್ಳಿ ಅಂದಿದ್ದೆ. ಮಾತು ವಾಪಸ್ ತಗೊಳ್ಳುತ್ತೇನೆ. ಆ ಹೆಂಗಸಿನಂಥ ಕಿವಿ ದುಡ್ಡು ಕೊಟ್ಟರೆ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ನಾವೇ ಹತ್ತು ಹನ್ನೆರಡು ಜನ ಇದ್ದೇವೆ. ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಒಂದು ಭಾನುವಾರ ಬೆಳಿಗ್ಗೆ ಸೇರೋಣವಾ? ಏಪ್ರಿಲ್ 6, ಏಳು ಗಂಟೆ. ಪ್ರತಿಯೊಬ್ಬರೂ ಮುಗಿಯದ ಒಂದು ಕೆಲಸ ತರಬೇಕು, ಮುಗಿದದ್ದು ಬೇಡ. ಹೆಡ್‌ಫೋನ್ ಕೊಡುವುದು, ಕೇಳುವುದು, ಕೇಳಿದ್ದನ್ನು ಹೇಳುವುದು.

ಚಂಡೆಪೆಟ್ಟು | ಮಾರ್ಚ್ 25

ಅವತ್ತು ರಾಮನವಮಿ. ಪಾನಕ, ಕೋಸಂಬರಿ ನಾನು ತರುತ್ತೇನೆ.

ಧಾರವಾಡ_ಮಳೆ | ಮಾರ್ಚ್ 26

ನಾನೂ ಬರಬಹುದೇನ್ರೀ? ಶನಿವಾರ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಏಳು ಗಂಟೆಗೆ ಸ್ವಲ್ಪ ತಡ ಆಗಬಹುದು. ಹೆಜ್ಜೆ ಮಾಡಿದ್ದೇನೆ, ನಮ್ಮ ಹೊಲದ ಎರೆಮಣ್ಣು. ಒಣಗಿ ಬಿರುಕು ಬಿಟ್ಟಾಗ ಹಿಡಿದದ್ದು. ಇನ್ನೂ ಒಂಬತ್ತೇ ಆಗಿವೆ.

ತೋಟದ_ಸದ್ದು | ಮಾರ್ಚ್ 26

ತಡ ಆದರೂ ಬಾರಪ್ಪ, ಕಾಯುತ್ತೇವೆ. ಒಂಬತ್ತೂ ತಗೊಂಡು ಬಾ.